ಸೋಲುಗಳನ್ನೂ ಲೆಕ್ಕಕ್ಕಿಟ್ಟ ಶಸ್ತ್ರವೈದ್ಯ ಅರ್ನ್ಸ್ಟ್ ವರ್ಥೈಮ್

ಮಂಡ್ಯ: ಮದ್ದೂರು ಅಥವಾ ಮಳವಳ್ಳಿಯ ಮಹಿಳೆಯೊಬ್ಬರಿಗೆ ಗರ್ಭಕಂಠದ ಕ್ಯಾನ್ಸರ್ ಆರಂಭದ ಹಂತದಲ್ಲೇ ಪತ್ತೆಯಾಯಿತು ಎಂದಿಟ್ಟುಕೊಳ್ಳೋಣ. ಮಂಡ್ಯದ ಜಿಲ್ಲಾಸ್ಪತ್ರೆಗೋ, ಅಲ್ಲಿಂದ ಬೆಂಗಳೂರು ಇಲ್ಲವೇ ಮೈಸೂರಿನ ದೊಡ್ಡಾಸ್ಪತ್ರೆಗೋ ಹೋದಾಗ ವೈದ್ಯರು ಅವರಿಗೆ ಸೂಚಿಸಬಹುದಾದ ಪ್ರಮುಖ ಶಸ್ತ್ರಚಿಕಿತ್ಸೆಯೊಂದಿಗೆ ನೂರಿಪ್ಪತ್ತೈದು ವರ್ಷಗಳಿಂದ ಒಂದು ಹೆಸರು ಅಂಟಿಕೊಂಡು ಬಂದಿದೆ. ಅದು ಆಸ್ಟ್ರಿಯಾದ ಸ್ತ್ರೀರೋಗ ತಜ್ಞ ಅರ್ನ್ಸ್ಟ್ ವರ್ಥೈಮ್ ಅವರ ಹೆಸರು. ವೈದ್ಯರ ವಲಯದಲ್ಲಿ ಇಂದಿಗೂ ಅದು ವರ್ಥೈಮ್ ಶಸ್ತ್ರಚಿಕಿತ್ಸೆ ಎಂದೇ ಪರಿಚಿತ.

ವೈದ್ಯ ಲೋಕದಲ್ಲಿ ಮನೆಮಾತಾದ ಈ ಹೆಸರಿನ ಹಿಂದಿನ ಬದುಕು ಸಾಮಾನ್ಯ ಓದುಗರಿಗೆ ಅಷ್ಟಾಗಿ ತಿಳಿದಿಲ್ಲ. ಹೊಸ ಶಸ್ತ್ರಚಿಕಿತ್ಸೆಯನ್ನು ರೂಪಿಸಿದವರು ಅನೇಕರಿದ್ದಾರೆ. ಆದರೆ ತಮ್ಮ ಮೇಜಿನ ಮೇಲೆ ಸತ್ತವರೆಷ್ಟು, ಐದು ವರ್ಷ ಕಳೆದ ಮೇಲೂ ಬದುಕಿ ಉಳಿದವರೆಷ್ಟು ಎಂಬುದನ್ನು ಮುಚ್ಚಿಡದೆ ಲೋಕದ ಮುಂದಿಟ್ಟವರು ವಿರಳ. ವರ್ಥೈಮ್ ಆ ವಿರಳರ ಸಾಲಿಗೆ ಸೇರಿದವರು.

ಬೆಳ್ಳುಳ್ಳಿಯ ವಿಜ್ಞಾನಿಯ ಮಗ

ವರ್ಥೈಮ್ ಜನಿಸಿದ್ದು 1864ರ ಫೆಬ್ರವರಿ 21ರಂದು, ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ. ತಂದೆ ಥಿಯೋಡೋರ್ ವರ್ಥೈಮ್ ರಸಾಯನ ವಿಜ್ಞಾನದ ಪ್ರಾಧ್ಯಾಪಕರು. ಬೆಳ್ಳುಳ್ಳಿಯ ಎಣ್ಣೆಯನ್ನು ಬಟ್ಟಿ ಇಳಿಸಿ, ಅದರ ಘಾಟಿಗೆ ಕಾರಣವಾದ ಗಂಧಕಯುಕ್ತ ವಸ್ತುವನ್ನು 1844ರಲ್ಲಿ ಪರಿಶೀಲಿಸಿದವರು. ರಸಾಯನ ವಿಜ್ಞಾನದಲ್ಲಿ ಇಂದಿಗೂ ಬಳಕೆಯಲ್ಲಿರುವ ಅಲೈಲ್ ಎಂಬ ಪದ ಅವರ ಕೊಡುಗೆ. ಮಗು ಹುಟ್ಟಿದ ವರ್ಷವೇ ತಂದೆ ತೀರಿಕೊಂಡರು. ತಂದೆಯನ್ನು ನೋಡಿದ ನೆನಪೂ ಇಲ್ಲದೆ ಬೆಳೆದ ಮಗ, ತಂದೆಯ ಪ್ರಯೋಗಶಾಲೆಯ ಶಿಸ್ತನ್ನು ಮಾತ್ರ ಬೇರೊಂದು ಕ್ಷೇತ್ರದಲ್ಲಿ ಮುಂದುವರಿಸಿದರು.

1888ರಲ್ಲಿ ಗ್ರಾಜ್ ವಿಶ್ವವಿದ್ಯಾನಿಲಯದಿಂದ ವೈದ್ಯಕೀಯ ಪದವಿ ಪಡೆದ ವರ್ಥೈಮ್ ಮೊದಲು ಕೈಗೆತ್ತಿಕೊಂಡದ್ದು ಕತ್ತಿಯನ್ನಲ್ಲ, ಸೂಕ್ಷ್ಮದರ್ಶಕವನ್ನು. ಅದೇ ವಿಶ್ವವಿದ್ಯಾನಿಲಯದ ರೋಗಶಾಸ್ತ್ರ ವಿಭಾಗದಲ್ಲಿ ಸಹಾಯಕರಾಗಿ ದುಡಿದರು. ಆನಂತರ ಸ್ತ್ರೀರೋಗ ಶಾಸ್ತ್ರದ ಕಡೆಗೆ ಹೊರಳಿ, ಆ ಕಾಲದ ಹೆಸರಾಂತ ತಜ್ಞ ಫ್ರೆಡ್ರಿಕ್ ಶೌಟಾ ಅವರ ಶಿಷ್ಯರಾಗಿ ಪ್ರಾಗ್‌ನಲ್ಲಿ ತರಬೇತಿ ಪಡೆದರು. 1891ರಲ್ಲಿ ಶೌಟಾ ವಿಯೆನ್ನಾಕ್ಕೆ ಬಂದಾಗ ಶಿಷ್ಯನೂ ಜೊತೆಗೆ ಬಂದರು.

ಅವರಿಗೆ ಮೊದಲು ಹೆಸರು ತಂದುಕೊಟ್ಟದ್ದು ಕ್ಯಾನ್ಸರ್ ಅಲ್ಲ, ಗೊನೋರಿಯಾ ಎಂಬ ಗುಹ್ಯರೋಗದ ಸಂಶೋಧನೆ. ಈ ರೋಗದ ಸೂಕ್ಷ್ಮಾಣು ಹೆಣ್ಣಿನ ಗರ್ಭನಾಳಗಳ ಮೂಲಕ ಮೇಲೇರಿ ಹೊಟ್ಟೆಯೊಳಗಿನ ಪೊರೆಗೂ ಹರಡಬಲ್ಲದೆಂದು ಅವರು ಪ್ರಯೋಗಗಳಿಂದ ತೋರಿಸಿದರು. ರೋಗ ಕಣ್ಣಿಗೆ ಕಾಣುವ ಜಾಗದಲ್ಲಷ್ಟೇ ಇರುವುದಿಲ್ಲ, ಅದು ಸಾಗುವ ದಾರಿಯನ್ನು ಹಿಡಿದು ಹುಡುಕಬೇಕು ಎಂಬ ಈ ಪಾಠವೇ ಮುಂದೆ ಅವರ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೂ ಅಡಿಪಾಯವಾಯಿತು.

ಸಾವಿಗೂ ಸಾವಿಗೂ ನಡುವಿನ ಆಯ್ಕೆ

ಗರ್ಭಕಂಠವೆಂದರೆ ಗರ್ಭಕೋಶದ ಕೆಳತುದಿ, ಯೋನಿಗೆ ತೆರೆದುಕೊಳ್ಳುವ ಬಾಯಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಹುಣ್ಣಾದ ಮಹಿಳೆಗೆ ಉಳಿದದ್ದು ದುರ್ವಾಸನೆ, ರಕ್ತಸ್ರಾವ, ನೋವು ಮತ್ತು ಏಕಾಂತದ ಮರಣ. ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ (ಈಗ ಅದು ಪೋಲೆಂಡ್‌ಗೆ ಸೇರಿದೆ) ವಿಲ್ಹೆಲ್ಮ್ ಅಲೆಕ್ಸಾಂಡರ್ ಫ್ರಾಯಿಂಡ್ ಎಂಬ ವೈದ್ಯರು 1878ರಲ್ಲಿ ಹೊಟ್ಟೆ ಕೊಯ್ದು ಕ್ಯಾನ್ಸರ್ ತಗಲಿದ ಗರ್ಭಕೋಶವನ್ನು ತೆಗೆದರು. ಅದು ಯುಗಪ್ರವರ್ತಕ ಹೆಜ್ಜೆಯೇನೋ ಹೌದು. ಆದರೆ ಆರಂಭದ ವರ್ಷಗಳಲ್ಲಿ ಹಾಗೆ ಕೊಯ್ಸಿಕೊಂಡ ಮೂವರಲ್ಲಿ ಸುಮಾರು ಇಬ್ಬರು ಶಸ್ತ್ರಚಿಕಿತ್ಸೆಯಿಂದಲೇ ಸತ್ತರು. ಬದುಕಿದವರಲ್ಲೂ ಬಹುಪಾಲು ಮಂದಿಗೆ ರೋಗ ಮರುಕಳಿಸಿತು.

ಮರುಕಳಿಸಲು ಕಾರಣವಿತ್ತು. ಕ್ಯಾನ್ಸರ್ ಗರ್ಭಕಂಠದಲ್ಲಿ ಹುಟ್ಟಿದರೂ ಅದರ ಅಕ್ಕಪಕ್ಕದ ಮೃದು ಅಂಗಾಂಶದೊಳಗೆ ಬೇರು ಬಿಡುತ್ತದೆ. ಅಲ್ಲಿಂದ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳನ್ನು ತಲುಪುತ್ತದೆ. ಗರ್ಭಕೋಶವನ್ನಷ್ಟೇ ತೆಗೆದರೆ ಬೇರು ಒಳಗೇ ಉಳಿಯುತ್ತದೆ. ಷಿಕಾಗೋದ ಎಮಿಲ್ ರೀಸ್ ಗ್ರಂಥಿಗಳನ್ನೂ ತೆಗೆಯಬೇಕೆಂದು 1895ರಲ್ಲಿ ವಾದಿಸಿದರು. ಅದೇ ವರ್ಷ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಜಾನ್ ಕ್ಲಾರ್ಕ್ ಸುತ್ತಲಿನ ಅಂಗಾಂಶವನ್ನೂ ಸೇರಿಸಿ ಕೊಯ್ಯುವ ವಿಧಾನವನ್ನು ಪ್ರಯೋಗಿಸಿದರು. ಯೋಚನೆ ಹೊಸದಾಗಿರಲಿಲ್ಲ. ಆದರೆ ಅದನ್ನು ನೂರಾರು ಮಹಿಳೆಯರ ಮೇಲೆ ಒಂದೇ ಕ್ರಮದಲ್ಲಿ ನಡೆಸಿ, ಫಲ ಏನಾಯಿತೆಂದು ಅಳೆದವರು ಇರಲಿಲ್ಲ.

1898ರ ನವೆಂಬರ್ 16

1897ರಲ್ಲಿ ವರ್ಥೈಮ್ ವಿಯೆನ್ನಾದ ಎಲಿಜಬೆತ್ ಆಸ್ಪತ್ರೆಗೆ ಸೇರಿದ ಬೆಟಿನಾ ಪೆವಿಲಿಯನ್‌ನ ಮುಖ್ಯ ಶಸ್ತ್ರವೈದ್ಯರಾದರು. ಮಾರನೆಯ ವರ್ಷ, 1898ರ ನವೆಂಬರ್ 16ರಂದು, ತಮ್ಮ ಹೆಸರಿನಿಂದ ಪ್ರಸಿದ್ಧವಾದ ಶಸ್ತ್ರಚಿಕಿತ್ಸೆಯನ್ನು ಮೊದಲ ಬಾರಿಗೆ ಅಲ್ಲಿ ನಡೆಸಿದರು. ಆಗ ಅವರಿಗೆ 34 ವರ್ಷ.

ಅದರ ಕ್ರಮ ಹೀಗಿತ್ತು. ಹೊಟ್ಟೆಯನ್ನು ತೆರೆದ ಕೂಡಲೇ ಗರ್ಭಕೋಶಕ್ಕೆ ಕೈಹಾಕದೆ, ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಎರಡು ಮೂತ್ರನಾಳಗಳನ್ನು ಮೊದಲು ಬಿಡಿಸಿಕೊಳ್ಳುವುದು. ಈ ನಾಳಗಳು ಗರ್ಭಕಂಠದ ಪಕ್ಕದಲ್ಲೇ, ಗರ್ಭಕೋಶದ ರಕ್ತನಾಳದ ಕೆಳಗೆ ಹಾದುಹೋಗುತ್ತವೆ. ಒಂದು ತಪ್ಪು ಕೊಯ್ತ ಸಾಕು, ಮಹಿಳೆ ಬದುಕಿದರೂ ಮೂತ್ರ ಸದಾ ಸೋರುತ್ತಲೇ ಇರುತ್ತದೆ. ನಾಳಗಳನ್ನು ಸುರಕ್ಷಿತವಾಗಿ ಪಕ್ಕಕ್ಕೆ ಸರಿಸಿದ ಮೇಲೆ ಗರ್ಭಕೋಶ, ಅದರ ಎರಡೂ ಬದಿಯ ಅಂಗಾಂಶ ಮತ್ತು ಯೋನಿಯ ಮೇಲ್ಭಾಗವನ್ನು ಒಟ್ಟಿಗೆ ತೆಗೆಯುವುದು. ಹುಣ್ಣಿನ ಕೊಳೆ ಹೊಟ್ಟೆಯೊಳಗೆ ಚೆಲ್ಲದಂತೆ ತಡೆಯಲು ಅವರು ಬಾಗಿದ ಇಕ್ಕಳಗಳಿಂದ ಯೋನಿಯನ್ನು ಕ್ಯಾನ್ಸರ್‌ನ ಕೆಳಗೆ ಬಿಗಿದು ಮುಚ್ಚಿ, ಅದಕ್ಕೂ ಕೆಳಗೆ ಕೊಯ್ಯುತ್ತಿದ್ದರು. ಕೊನೆಯಲ್ಲಿ ದೊಡ್ಡ ರಕ್ತನಾಳಗಳ ಗುಂಟ ಕೈಯಾಡಿಸಿ, ಊದಿಕೊಂಡ ಗ್ರಂಥಿಗಳನ್ನು ಬಿಡಿಸಿ ತೆಗೆಯುತ್ತಿದ್ದರು.

ಆಗ ರಕ್ತ ಕೊಡುವ ವ್ಯವಸ್ಥೆ ಇರಲಿಲ್ಲ. ಪೆನಿಸಿಲಿನ್ ಬರಲು ಇನ್ನೂ ನಾಲ್ಕು ದಶಕ ಬಾಕಿ ಇತ್ತು. ಅರಿವಳಿಕೆಯೂ ಅಪಾಯದ್ದೇ. ಮೊದಲ ಸುಮಾರು 30 ಮಹಿಳೆಯರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಮರಣ ಹೊಂದಿದರು.

ಮುಚ್ಚಿಡದ ಲೆಕ್ಕ

ಇಂತಹ ಫಲಿತಾಂಶ ಬಂದಾಗ ಸುಮ್ಮನಾಗುವುದು, ಇಲ್ಲವೇ ಬದುಕಿದವರ ಕಥೆಯನ್ನಷ್ಟೇ ಹೇಳುವುದು ಸುಲಭ. ವರ್ಥೈಮ್ ಎರಡನ್ನೂ ಮಾಡಲಿಲ್ಲ. ಸತ್ತವರ ಸಂಖ್ಯೆಯನ್ನು ಸೇರಿಸಿಯೇ ವರದಿ ಪ್ರಕಟಿಸಿದರು. ತೆಗೆದ ಪ್ರತಿಯೊಂದು ಅಂಗಾಂಶವನ್ನು ಹಾಳೆಯಂತೆ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಅಲ್ಲಿ ಸಿಕ್ಕ ಸಂಗತಿಗಳು ವೈದ್ಯರ ನಂಬಿಕೆಗಳನ್ನು ಅಲುಗಾಡಿಸಿದವು. ಬೆರಳಿಗೆ ಮೃದುವಾಗಿ, ಆರೋಗ್ಯವಾಗಿ ತೋರಿದ ಅಂಗಾಂಶದಲ್ಲೂ ಕ್ಯಾನ್ಸರ್ ಅಡಗಿರುತ್ತಿತ್ತು. ಊದಿಕೊಂಡ ಗ್ರಂಥಿಗಳೆಲ್ಲ ಕ್ಯಾನ್ಸರ್ ಗ್ರಂಥಿಗಳೇ ಆಗಿರುತ್ತಿರಲಿಲ್ಲ. ಕೈಯ ಅಂದಾಜನ್ನು ನಂಬಿ ಕಡಿಮೆ ಕೊಯ್ದರೆ ರೋಗ ಉಳಿಯುತ್ತದೆ ಎಂಬುದಕ್ಕೆ ಹೀಗೆ ಪುರಾವೆ ದೊರೆಯಿತು.

1905ರಲ್ಲಿ ಅವರು 270 ಪ್ರಕರಣಗಳ ಫಲಿತಾಂಶ ಮಂಡಿಸುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಮರಣ ಪ್ರಮಾಣ ಒಟ್ಟಾರೆ ಶೇ 18ಕ್ಕೆ ಇಳಿದಿತ್ತು. ಶೇ 31ರಷ್ಟು ಮಂದಿಗೆ ಗಂಭೀರ ತೊಡಕುಗಳಾಗಿದ್ದವು. ಈ ಎರಡನೆಯ ಅಂಕಿಯನ್ನೂ ಅವರು ಬಚ್ಚಿಡಲಿಲ್ಲ. 1911ರಲ್ಲಿ 500 ಪ್ರಕರಣಗಳನ್ನು ಆಧರಿಸಿದ ಅವರ ಗ್ರಂಥ ಹೊರಬಂತು. ಆ ವೇಳೆಗೆ ಹೊಸ ರೋಗಿಗಳಲ್ಲಿ ಮರಣ ಹತ್ತರಲ್ಲಿ ಒಂದರ ಆಸುಪಾಸಿಗೆ ಬಂದಿತ್ತು. ಪ್ರತಿ ಸಾವಿನ ಕಾರಣವನ್ನು ಹುಡುಕಿ, ಸೋಂಕು ಎಲ್ಲಿಂದ ಬಂತು, ಮೂತ್ರನಾಳ ಏಕೆ ಕೊಳೆಯಿತು ಎಂದು ಕೇಳಿ, ವಿಧಾನವನ್ನು ಸ್ವಲ್ಪ ಸ್ವಲ್ಪವೇ ತಿದ್ದಿಕೊಂಡ ಫಲ ಇದು.

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೋದವರನ್ನೆಲ್ಲ ಗುಣವಾದವರೆಂದು ಅವರು ಎಣಿಸಲಿಲ್ಲ. ಐದು ವರ್ಷ ರೋಗವಿಲ್ಲದೆ ಕಳೆದವರನ್ನು ಮಾತ್ರ ಗೆಲುವಿನ ಪಟ್ಟಿಗೆ ಸೇರಿಸಿದರು. ಇಂದು ಯಾವುದೇ ಕ್ಯಾನ್ಸರ್ ಆಸ್ಪತ್ರೆ ತನ್ನ ಸಾಧನೆಯನ್ನು ಹೇಳುವಾಗ ಐದು ವರ್ಷದ ಲೆಕ್ಕವನ್ನೇ ಮುಂದಿಡುತ್ತದೆ.

ಗುರು ಶಿಷ್ಯರ ವಿವಾದ

ವಿಯೆನ್ನಾದಲ್ಲಿ ವರ್ಥೈಮ್ ಅವರ ಪ್ರಬಲ ಎದುರಾಳಿಯಾಗಿ ನಿಂತವರು ಅವರ ಗುರು ಶೌಟಾ ಅವರೇ. ಹೊಟ್ಟೆ ಕೊಯ್ಯದೆ ಯೋನಿಯ ಮೂಲಕವೇ ಗರ್ಭಕೋಶವನ್ನೂ ಸುತ್ತಲಿನ ಅಂಗಾಂಶವನ್ನೂ ವಿಸ್ತಾರವಾಗಿ ತೆಗೆಯುವ ವಿಧಾನವನ್ನು ಶೌಟಾ 1901ರಿಂದ ನಡೆಸಿದರು. ಅದರಲ್ಲಿ ಸಾಯುವವರ ಸಂಖ್ಯೆ ಕಡಿಮೆ. ಆದರೆ ಗ್ರಂಥಿಗಳಿಗೆ ಕೈ ಎಟುಕದು. ವರ್ಥೈಮ್ ವಿಧಾನದಲ್ಲಿ ಗ್ರಂಥಿಗಳು ಎಟುಕುತ್ತವೆ, ಅಪಾಯ ಹೆಚ್ಚು. ಯಾವುದು ಮೇಲೆಂಬ ಚರ್ಚೆ ವರ್ಷಗಟ್ಟಲೆ ಕಾವೇರಿತು. ವಿಶೇಷವೆಂದರೆ ಇಬ್ಬರೂ ವಾದಕ್ಕೆ ಆಧಾರವಾಗಿ ಒದಗಿಸಿದ್ದು ಅಂಕಿಗಳನ್ನು. ಹೀಗಾಗಿ ವಿವಾದವೇ ವಿಜ್ಞಾನಕ್ಕೆ ಲಾಭವಾಯಿತು. ಗರ್ಭಕೋಶ ಕೆಳಗೆ ಜಾರುವ ತೊಂದರೆಗೆ ರೂಪಿಸಿದ ಇನ್ನೊಂದು ಶಸ್ತ್ರಚಿಕಿತ್ಸೆಗೆ ಇದೇ ಇಬ್ಬರ ಹೆಸರುಗಳನ್ನು ಜೋಡಿಸಿ ಕರೆಯಲಾಗುತ್ತಿತ್ತು ಎಂಬುದು ಇತಿಹಾಸದ ಸೋಜಿಗ.

1910ರಲ್ಲಿ ವರ್ಥೈಮ್ ವಿಯೆನ್ನಾ ವಿಶ್ವವಿದ್ಯಾನಿಲಯದ ಮಹಿಳಾ ಚಿಕಿತ್ಸಾಲಯದ ಮುಖ್ಯಸ್ಥರಾದರು. ಮಹಾಯುದ್ಧ ಬಂದು ಹೋಯಿತು; ಆಸ್ಟ್ರಿಯಾ ಸಾಮ್ರಾಜ್ಯ ಕುಸಿಯಿತು. ಶೌಟಾ 1919ರಲ್ಲಿ ನಿಧನರಾದರು. ಮರುವರ್ಷ, 1920ರ ಫೆಬ್ರವರಿ 15ರಂದು, 56ನೆಯ ಹುಟ್ಟುಹಬ್ಬಕ್ಕೆ ಆರು ದಿನವಿರುವಾಗ ವರ್ಥೈಮ್ ವಿಯೆನ್ನಾದಲ್ಲಿ ಕಣ್ಮುಚ್ಚಿದರು.

ರೇಡಿಯಂ ಬಂದಿತು, ಕತ್ತಿ ಮತ್ತೆ ಬಂದಿತು

ವರ್ಥೈಮ್ ಮೊದಲ ಶಸ್ತ್ರಚಿಕಿತ್ಸೆ ನಡೆಸಿದ 1898ರಲ್ಲೇ ಪ್ಯಾರಿಸ್‌ನಲ್ಲಿ ಕ್ಯೂರಿ ದಂಪತಿ ರೇಡಿಯಂ ಕಂಡುಹಿಡಿದರು. ಕೊಯ್ಯದೆ ಕ್ಯಾನ್ಸರ್ ಕರಗಿಸುವ ಈ ವಿಕಿರಣದ ಎದುರು 1920ರ ದಶಕದಲ್ಲಿ ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು. ಲಂಡನ್‌ನ ವಿಕ್ಟರ್ ಬಾನಿ ಅವರಂತಹ ಕೆಲವರು ಮಾತ್ರ ಅದನ್ನು ಉಳಿಸಿಕೊಂಡರು. ಜಪಾನಿನ ಕ್ಯೋಟೋದಲ್ಲಿ ಒಕಬಯಾಶಿ ಇನ್ನಷ್ಟು ವಿಸ್ತಾರವಾದ ವಿಧಾನವನ್ನು 1921ರಲ್ಲಿ ಪ್ರಕಟಿಸಿದರು. ಕಲ್ಕತ್ತಾದ ಸುಬೋಧ್ ಮಿತ್ರ ಅವರು ಶೌಟಾ ಮಾರ್ಗದ ಜೊತೆಗೆ ಗ್ರಂಥಿಗಳನ್ನು ಬೇರೆ ಕೊಯ್ತದಿಂದ ತೆಗೆಯುವ ಕ್ರಮವನ್ನು ಜೋಡಿಸಿದರು. ಅದು ಮಿತ್ರ ಶಸ್ತ್ರಚಿಕಿತ್ಸೆ ಎಂದು ಹೆಸರಾಯಿತು.

1940ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೋ ಮೀಗ್ಸ್ ಅವರು ವರ್ಥೈಮ್ ವಿಧಾನಕ್ಕೆ ಮರುಜೀವ ಕೊಟ್ಟರು. ಊದಿದ ಗ್ರಂಥಿಗಳನ್ನಷ್ಟೇ ಅಲ್ಲ, ಕಿಬ್ಬೊಟ್ಟೆಯ ಗ್ರಂಥಿಗಳನ್ನೆಲ್ಲ ಕ್ರಮಬದ್ಧವಾಗಿ ತೆಗೆದರು. ರಕ್ತದಾನ, ಪ್ರತಿಜೀವಕ ಔಷಧಿ, ಸುಧಾರಿತ ಅರಿವಳಿಕೆಗಳ ನೆರವಿನಿಂದ ಮೇಜಿನ ಮೇಲಿನ ಸಾವು ಅಪರೂಪವಾಯಿತು. ಇದಕ್ಕೆ ವರ್ಥೈಮ್–ಮೀಗ್ಸ್ ಎಂಬ ಜೋಡಿ ಹೆಸರು ಬಂದದ್ದು ಹೀಗೆ.

ಇಂದಿನ ಅಂಕಿಗಳು ಏನು ಹೇಳುತ್ತವೆ?

ವರ್ಥೈಮ್ ಆರಂಭಿಸಿದ ಲೆಕ್ಕ ಇನ್ನೂ ನಿಂತಿಲ್ಲ. ಆರಂಭಿಕ ಹಂತದ 343 ಮಹಿಳೆಯರ ಮೇಲೆ ಇಟಲಿಯಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಪಡೆದವರು, ವಿಕಿರಣ ಪಡೆದವರು ಇಬ್ಬರಲ್ಲೂ ಐದು ವರ್ಷ ಬದುಕಿದವರ ಪ್ರಮಾಣ ಶೇ 83. ಆದರೆ ತೀವ್ರ ತೊಡಕುಗಳು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 28, ವಿಕಿರಣದ ಗುಂಪಿನಲ್ಲಿ ಶೇ 12. ಶಸ್ತ್ರಚಿಕಿತ್ಸೆಯ ಬಳಿಕ ವಿಕಿರಣವೂ ಬೇಕಾದವರಲ್ಲಿ ಬಾಧೆ ಹೆಚ್ಚು. ಆದ್ದರಿಂದ ಯಾರಿಗೆ ಕತ್ತಿ, ಯಾರಿಗೆ ವಿಕಿರಣ ಎಂಬುದನ್ನು ಮೊದಲೇ ಸರಿಯಾಗಿ ತೀರ್ಮಾನಿಸುವುದು ಮುಖ್ಯ. ಕಿರಿಯ ವಯಸ್ಸಿನ ಮಹಿಳೆಯರಲ್ಲಿ ಅಂಡಾಶಯವನ್ನು ಉಳಿಸಿಕೊಳ್ಳಬಹುದೆಂಬುದು ಶಸ್ತ್ರಚಿಕಿತ್ಸೆಯ ದೊಡ್ಡ ಅನುಕೂಲ.

ಹೊಟ್ಟೆಗೆ ಸಣ್ಣ ರಂಧ್ರ ಕೊರೆದು ಕ್ಯಾಮೆರಾ ಇಲ್ಲವೇ ರೋಬಾಟ್ ನೆರವಿನಿಂದ ಇದೇ ಶಸ್ತ್ರಚಿಕಿತ್ಸೆ ನಡೆಸುವ ರೂಢಿ 2000ದ ನಂತರ ವೇಗವಾಗಿ ಹರಡಿತು. ಹೊಸದು ಉತ್ತಮವೇ ಇರಬೇಕೆಂದು ಎಲ್ಲರೂ ಭಾವಿಸಿದ್ದರು. 631 ಮಹಿಳೆಯರು ಪಾಲ್ಗೊಂಡ ಅಂತರರಾಷ್ಟ್ರೀಯ ಅಧ್ಯಯನದ ಫಲಿತಾಂಶ 2018ರಲ್ಲಿ ಹೊರಬಂದಾಗ ಆ ಭಾವನೆ ತಲೆಕೆಳಗಾಯಿತು. ನಾಲ್ಕೂವರೆ ವರ್ಷ ರೋಗ ಮರುಕಳಿಸದೆ ಉಳಿದವರು ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ 96.5, ಸಣ್ಣ ರಂಧ್ರದ ವಿಧಾನದಲ್ಲಿ ಶೇ 86. ಅಂದಿನಿಂದ ವರ್ಥೈಮ್ ಕಾಲದಂತೆ ಹೊಟ್ಟೆ ತೆರೆದು ನಡೆಸುವ ಕ್ರಮಕ್ಕೆ ಮತ್ತೆ ಮಾನ್ಯತೆ ದೊರೆಯಿತು.

2024ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇನ್ನೊಂದು ದಿಕ್ಕನ್ನು ತೋರಿಸಿತು. ಗಡ್ಡೆ 2 ಸೆಂಟಿಮೀಟರ್ ಮೀರದ, ಅಪಾಯ ಕಡಿಮೆಯಿರುವ 700 ಮಹಿಳೆಯರಲ್ಲಿ ಸುತ್ತಲಿನ ಅಂಗಾಂಶವನ್ನು ವಿಸ್ತಾರವಾಗಿ ತೆಗೆಯದೆ ಗರ್ಭಕೋಶವನ್ನಷ್ಟೇ ತೆಗೆದು, ಗ್ರಂಥಿಗಳನ್ನು ಪರಿಶೀಲಿಸಲಾಯಿತು. ವಿಸ್ತೃತ ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಲಾಯಿತು. ಮೂರು ವರ್ಷಗಳಲ್ಲಿ ಕಿಬ್ಬೊಟ್ಟೆಯಲ್ಲಿ ರೋಗ ಮರುಕಳಿಸಿದ್ದು ಒಂದರಲ್ಲಿ ಶೇ 2.52, ಇನ್ನೊಂದರಲ್ಲಿ ಶೇ 2.17. ವ್ಯತ್ಯಾಸ ಅತ್ಯಲ್ಪ. ಮೂತ್ರದ ತೊಂದರೆಗಳು ಸರಳ ವಿಧಾನದಲ್ಲಿ ಕಡಿಮೆ. ಎಂದರೆ, ರೋಗ ಎಷ್ಟು ಬೇಗ ಸಿಕ್ಕುತ್ತದೋ ಕತ್ತಿಯ ಹರವೂ ಅಷ್ಟು ಕಿರಿದಾಗುತ್ತದೆ.

ತಡವಾದರೆ ಕತ್ತಿಗೇ ಕೆಲಸವಿಲ್ಲ. ರೋಗ ಮುಂದುವರಿದ 635 ಮಹಿಳೆಯರನ್ನು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಅಧ್ಯಯನಕ್ಕೊಳಪಡಿಸಿ 2018ರಲ್ಲಿ ವರದಿ ನೀಡಿತು. ಔಷಧಿ ಕೊಟ್ಟು ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದವರಲ್ಲಿ ಐದು ವರ್ಷ ರೋಗಮುಕ್ತರಾಗಿ ಉಳಿದವರು ಶೇ 69.3, ಔಷಧಿ ಮತ್ತು ವಿಕಿರಣವನ್ನು ಒಟ್ಟಿಗೆ ಪಡೆದವರಲ್ಲಿ ಶೇ 76.7.

ಮಂಡ್ಯ ಜಿಲ್ಲೆಗೆ ಇದರ ಅರ್ಥ

2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ತಗಲುತ್ತದೆ. ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ 1.9 ಮಾತ್ರ. ಕತ್ತಿ ಸಿದ್ಧವಿದೆ, ರೋಗಿ ಹೊತ್ತಿಗೆ ಬರುತ್ತಿಲ್ಲ.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಮಂಡ್ಯದಲ್ಲೂ ಶಾಖಾ ಕೇಂದ್ರವನ್ನು ತೆರೆಯಿತು. 2006ರಲ್ಲಿ ಮಂಡ್ಯಕ್ಕೆ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂತು. ಮದ್ದೂರು ರೈಲು ಮತ್ತು ಹೆದ್ದಾರಿಯ ಮೇಲಿರುವ ಊರು. ಮಳವಳ್ಳಿಗೆ ರೈಲಿಲ್ಲದಿದ್ದರೂ ಬಸ್ಸಿಗೆ ಕೊರತೆಯಿಲ್ಲ. ದೂರ ಇಲ್ಲಿ ದೊಡ್ಡ ಅಡ್ಡಿಯಲ್ಲ. ಬಿಳಿಸೆರಗು, ಮುಟ್ಟು ನಿಂತ ಮೇಲೆ ಕಾಣುವ ರಕ್ತ, ಗಂಡನೊಡನೆ ಸೇರಿದ ಮೇಲೆ ಆಗುವ ಸ್ರಾವ, ಇವುಗಳನ್ನು ಮನೆಯವರ ಮುಂದೆ ಹೇಳಲಾರದ ಸಂಕೋಚವೇ ನಿಜವಾದ ಅಡ್ಡಿ. ಕಬ್ಬಿನ ಕಟಾವು, ಮಕ್ಕಳ ಪರೀಕ್ಷೆ, ಊರಹಬ್ಬ ಎಂದು ಮುಂದೂಡುತ್ತ ಹೋದ ತಿಂಗಳುಗಳಲ್ಲಿ ಗಡ್ಡೆ ಕತ್ತಿಯ ಎಲ್ಲೆಯನ್ನು ದಾಟಿಬಿಡುತ್ತದೆ.

ತಪಾಸಣೆ ಕಷ್ಟದ್ದಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತಿಳಿ ದ್ರಾವಣ ಲೇಪಿಸಿ ನೋಡಬೇಕೆಂಬ ನಿಯಮವಿದೆ. ಒಂದು ನಿಮಿಷದಲ್ಲಿ ಬಿಳಿ ಮಚ್ಚೆ ಕಂಡರೆ ಮುಂದಿನ ಪರೀಕ್ಷೆ. ರೋಗಕ್ಕೆ ಮೂಲವಾದ ಎಚ್‌ಪಿವಿ ವೈರಾಣುವನ್ನು ಗುರುತಿಸಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಸಂದಿತು. ಆ ವೈರಾಣುವಿನ ಪರೀಕ್ಷೆಯನ್ನು ನಮ್ಮ ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದಾಗ, ಒಂದೇ ಬಾರಿಯ ತಪಾಸಣೆಯಿಂದ ಈ ಕ್ಯಾನ್ಸರ್ ಸಾವು ಹತ್ತಿರಹತ್ತಿರ ಅರ್ಧಕ್ಕಿಳಿದುದು 2009ರಲ್ಲಿ ವರದಿಯಾಯಿತು. ಹೆಣ್ಣುಮಕ್ಕಳಿಗೆ ಕೊಡುವ ದೇಶೀಯ ಲಸಿಕೆಯೂ 2023ರಲ್ಲಿ ಮಾರುಕಟ್ಟೆಗೆ ಬಂದಿದೆ.

ಇನ್ನೊಂದು ಎಚ್ಚರಿಕೆಯ ಮಾತು ಅಗತ್ಯ. ಸ್ರಾವ ಹೆಚ್ಚೆಂದು ಗರ್ಭಕೋಶ ತೆಗೆಸಲು ಹೊರಡುವವರು ಅದಕ್ಕೂ ಮೊದಲು ಗರ್ಭಕಂಠವನ್ನು ಪರೀಕ್ಷಿಸಿಕೊಳ್ಳಲೇಬೇಕು. ಒಳಗೆ ಕ್ಯಾನ್ಸರ್ ಇರುವುದನ್ನು ತಿಳಿಯದೆ ಸಾಧಾರಣ ಶಸ್ತ್ರಚಿಕಿತ್ಸೆ ಮಾಡಿದರೆ ಬೇರು ಉಳಿದುಹೋಗಬಹುದು. ಆಮೇಲಿನ ಚಿಕಿತ್ಸೆಯೂ ತೊಡಕಾಗುತ್ತದೆ. ಫ್ರಾಯಿಂಡ್ ಕಾಲದ ಸೋಲಿನಿಂದ ವರ್ಥೈಮ್ ಕಲಿತ ಪಾಠವೇ ಇದು.

ಆರಂಭದಲ್ಲೇ ಸಿಕ್ಕ ಗರ್ಭಕಂಠದ ಕ್ಯಾನ್ಸರ್‌ನಲ್ಲಿ ನೂರರಲ್ಲಿ ಸುಮಾರು 90 ಮಹಿಳೆಯರು ಐದು ವರ್ಷ ದಾಟಿ ಬದುಕುತ್ತಾರೆ. 1898ರಲ್ಲಿ ವಿಯೆನ್ನಾದ ಶಸ್ತ್ರವೈದ್ಯರ ಮುಂದೆ ಮಲಗಿದ ಮಹಿಳೆಯರಿಗೆ ಅಂತಹ ಭರವಸೆ ಇರಲಿಲ್ಲ. ಅವರಲ್ಲಿ ಅನೇಕರು ಮನೆಗೆ ಮರಳಲಿಲ್ಲ. ಅವರ ಹೆಸರುಗಳು ಎಲ್ಲೂ ಉಳಿದಿಲ್ಲ, ಲೆಕ್ಕದಲ್ಲಿ ಮಾತ್ರ ಉಳಿದಿದ್ದಾರೆ. ಆ ಲೆಕ್ಕದಿಂದ ಕಲಿತದ್ದರ ಪ್ರಯೋಜನ ಮಂಡ್ಯ, ಮದ್ದೂರು, ಮಳವಳ್ಳಿಯ ಮಹಿಳೆಯರಿಗೂ ದಕ್ಕಬೇಕಾದರೆ ಅವರು ತಪಾಸಣೆಯ ಕೋಣೆಯವರೆಗೆ ಹೊತ್ತಿಗೆ ಬರುವಂತಾಗಬೇಕು. ಅದು ವೈದ್ಯರೊಬ್ಬರಿಂದಲೇ ಆಗುವ ಕೆಲಸವಲ್ಲ, ಮನೆಯವರದೂ ಹೊಣೆಯಿದೆ.